ಹಣ್ಣೊಣಗಿಸುವ ಪೆಟ್ಟಿಗೆಯಲ್ಲಿ ಹಾಡು

ಮೆಲ್ಬರ್ನ್, ಮಂಗಳವಾರ

ತಂಗಿ, ಇಲ್ಲಿ ಚಳಿ. ನನ್ನ ಮಂಡಿನೋವು ಮರುಕಳಿಸಿದೆ.

ನೆರೆಮನೆಯ ಗ್ಲೆನಿಸ್ ಅವರ ದಿವಂಗತ ಮಗ ಎಂಬತ್ತರ ದಶಕದ ಪಂಕ್ ವಾದ್ಯತಂಡವೊಂದರ ಗಾಯಕ. ತಂಡದ ಕೊನೆಯ ಧ್ವನಿಸುರುಳಿ ತೇವಕ್ಕೆ ಅಂಟಿಕೊಂಡಿತ್ತು. ಆ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ ಕಾಲಂ, ತೇವ ಆರಿ ಮತ್ತೆ ನುಡಿಯಲೆಂದು ಅದನ್ನು ಗ್ಲೆನಿಸ್ ಅವರ ಹಣ್ಣೊಣಗಿಸುವ ಪೆಟ್ಟಿಗೆಯಲ್ಲಿಟ್ಟು ಕಾಯಿಸಿದ.

"ಏಪ್ರಿಕಾಟ್ ಹಣ್ಣಿನ ವಾಸನೆ ಹತ್ತಿದ್ರೆ ನನ್ ಮಗ ಬೈತಾನೆ ಕಣೋ" ಎಂದರು ಆಕೆ.

ಸುರುಳಿ ಹಾಕಿದಾಗ ಡ್ರಮ್ಮು, ಗಿಟಾರು ನುಡಿದವು. ಮಗನ ದನಿ ಬರಲೇ ಇಲ್ಲ. ವಾದ್ಯಗಳನ್ನು ಮುದ್ರಿಸಿ, ಗಾಯನವನ್ನು ಮರುವಾರಕ್ಕೆ ಉಳಿಸಿದ್ದರು. ಅಷ್ಟರಲ್ಲಿ ಅವನು ತೀರಿಕೊಂಡಿದ್ದ. ಗಾಯನ ಮುದ್ರಿಸಿರಲಿಲ್ಲ ಎಂಬುದನ್ನೇ ಕಾಲಂ ಮರೆತುಬಿಟ್ಟಿದ್ದ.

"ತಪ್ಪಾಯ್ತು ಗ್ಲೆನಿಸ್."

"ಇನ್ನೊಂದ್ ಸಲ ಹಾಕೋ. ಅವ್ನು ಹಾಡ್ಬೇಕಾಗಿದ್ದ ಕಡೆ ಕೈ ಎತ್ತು, ಸಾಕು."

ಕಾಲಂ ಕೈಯೆತ್ತಿದ. ಹಾಡು ಮುಗಿಯುವವರೆಗೂ ಇಳಿಸಲಿಲ್ಲ.

ಕಾರ್ಡಿನಲ್ಲಿ ಇನ್ನು ಸ್ಥಳ ಸಾಲದು.
ನಿನ್ನಣ್ಣ