ಮೆಹರು ತಿಂದ ಪೇಡೆ

೧ ಮಾರ್ಚ್ ೨೦೧೯, ಶುಕ್ರವಾರ

ಮಲಗಿದರೂ ಆ ಪೇಡೆಯದೇ ಯೋಚನೆ.

ಮಂಗಳವಾರ ನಮ್ಮ ವಿಮಾನಗಳು ಗಡಿಯಾಚೆ ಬಾಂಬ್ ಹಾಕಿದ ಸುದ್ದಿ ಬಂದಾಗ ಪೀಣ್ಯದ ಫ್ಯಾಕ್ಟರಿಯಲ್ಲಿ ಪೇಡೆ ಹಂಚಿದವಳು ನಾನೇ. ಎಲ್ಲರಿಗೂ ಕೈಗೆ ಕೊಟ್ಟೆ. ಪ್ಯಾಕಿಂಗಿನಲ್ಲಿ ನನ್ನ ಪಕ್ಕ ಕೂರುವ ಮೆಹರುನ್ನೀಸಾಗೆ ಮಾತ್ರ ಬಾಯಿಗೇ ಇಟ್ಟೆ. ನಗುತ್ತಲೇ ತಿಂದಳು.

ಇವತ್ತು ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದಳು: "ಅಮ್ಮಿ ಲಾಹೋರಿನಲ್ಲಿ ಅವ್ರೆ ಅಕ್ಕಾ, ಚಿಕ್ಕಮ್ಮನ ಮನೆ ಮದುವೆಗೆ ಹೋಗಿದ್ರು. ಈಗ ವಾಪಸ್ ಬರೋ ರೈಲೇ ನಿಲ್ಲಿಸಿಬಿಟ್ರು."

"ಅವತ್ತೇ ಹೇಳ್ಬಾರ್ದಿತ್ತೇನೆ?" ಎಂದೆ.

"ಹೆಂಗೆ ಹೇಳ್ಲಿ? ನಾನು ನುಂಗ್ತೀನೋ ಇಲ್ವೋ ಅಂತ ಎಲ್ರೂ ನೋಡ್ತಿದ್ರಲ್ಲ."

ಎಲ್ಲರೂ ಎಂದಳು, ನನ್ನ ಹೆಸರು ಹೇಳಲಿಲ್ಲ. ಅವಳಿಗೆ ಅಷ್ಟು ಹತ್ತಿರ ನಿಂತಿದ್ದವಳು ನಾನೊಬ್ಬಳೇ. ನಾನು ಬಾಯಿಗೇ ಇಟ್ಟಿದ್ದು ಅವಳು ನುಂಗುತ್ತಾಳೋ ಇಲ್ಲವೋ ನೋಡುವುದಕ್ಕೇ ಅಲ್ಲವೇ?