ಗುಂಪಿನಲ್ಲಿ ಬಂದ ಅಪ್ಪ

ಪ್ರೀತಿಯ ಅಮ್ಮ,

ಇನ್ಸ್‌ಬ್ರುಕ್‌ನಲ್ಲಿ ನಿನ್ನ ಆರೈಕೆಯಲ್ಲಿ ಅಕ್ಕನೂ ಮಗುವೂ ಚೆನ್ನಾಗಿದ್ದಾರೆಂದು ತಿಳಿದು ಸಮಾಧಾನವಾಯಿತು. ಇಲ್ಲಿ ಹಸು, ಕೋಳಿ ಎಲ್ಲ ಸುಖವಾಗಿವೆ.

ಹೆಣ್ಣುಮಗಳಿಗೆ ಬೆಟ್ಟದ ಗೈಡ್ ಕೆಲಸ ಯಾಕೆಂದು ಅಪ್ಪ ವಸಂತಕಾಲದಿಂದ ನನ್ನೊಡನೆ ಮಾತು ಬಿಟ್ಟಿದ್ದರಲ್ಲ, ನಿನ್ನೆ ಅವರೇ ಟಿಕೆಟ್ ಕೊಂಡು ನನ್ನ ಪ್ರವಾಸಿಗರ ಗುಂಪಿನಲ್ಲಿ ಬಂದು ನಿಂತರು. ಉಳಿದವರಿಗೆ ಹೇಳಿದಂತೆಯೇ ಅವರಿಗೂ ನಮಸ್ಕಾರ ಹೇಳಿದೆ. ಇಗರ್ಜಿ, ಹಳೆಯ ಗಿರಣಿ ತೋರಿಸಿ ಜಲಪಾತದ ಕಡೆ ಹತ್ತಿದೆವು.

ಕಣಿವೆಯ ಮರದ ಸೇತುವೆಯ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಹಿಂದಿರುಗೋಣ ಎಂದೆ. ಹಾಲೆಂಡಿನವನೊಬ್ಬ ರೇಗಿದ.

"ಇಷ್ಟು ದೂರ ಹತ್ತಿಸಿ ಈಗ ವಾಪಸ್ ಅಂದ್ರೆ ಹೇಗಮ್ಮ?" ಎಂದು ಅಪ್ಪನ ಕಡೆ ತಿರುಗಿದ. "ಯಜಮಾನ್ರೇ, ನೀವು ಈ ಊರಿನವರ ಹಾಗೆ ಕಾಣ್ತೀರಿ. ದಾಟಬಹುದಲ್ವಾ?"

ಮೂವತ್ತು ವರ್ಷ ಜನರನ್ನು ಅದೇ ಸೇತುವೆ ದಾಟಿಸಿದವರು ಅಪ್ಪ. ಏನು ಹೇಳುತ್ತಾರೋ ಎಂದು ಅವರತ್ತ ನೋಡಿದೆ.

"ನನ್ನನ್ಯಾಕೆ ಕೇಳ್ತೀರಿ? ಇಲ್ಲಿ ಗೈಡ್ ಅವಳು," ಎಂದವರೇ ಎಲ್ಲರಿಗಿಂತ ಮೊದಲು ಹಿಂದಕ್ಕೆ ನಡೆದರು.

ರಾತ್ರಿ ಮನೆಯಲ್ಲಿ ನಾನು ಸೂಪು ಬಡಿಸುವಾಗ ಕೇಳಿದರು: "ನಾಳೇನೂ ಗುಂಪಿದೆಯಾ?"

"ಇದೆ."

"ಹಾಗಾದ್ರೆ ಬೇಗ ಎಬ್ಬಿಸು. ಮೊದಲು ನಾವಿಬ್ರೂ ಹೋಗಿ ಸೇತುವೆ ನೋಡ್ಕೊಂಡು ಬರೋಣ."

ಇವತ್ತು ಹೋಗಿ ಬಂದೆವು. ನನ್ನ ಬೂಟಿನ ದಾರ ಕಟ್ಟಿದ್ದು ಸರಿಯಿಲ್ಲವೆಂದು ದಾರಿಯುದ್ದಕ್ಕೂ ಬೈದರು. ಇನ್ನು ದಿನವೂ ಬರುತ್ತಾರಂತೆ. ಫೋನಿನಲ್ಲಿ ಈ ವಿಷಯ ಎತ್ತಬೇಡ, ನಾಚಿಕೊಂಡು ನಿಲ್ಲಿಸಿಬಿಡುತ್ತಾರೆ.

ಇಳಿಯುವಾಗ ಅವರಿಗೆ ಮಂಡಿ ನೋಯುತ್ತದೆ. ಬರುವಾಗ ಇನ್ಸ್‌ಬ್ರುಕ್‌ನಿಂದ ಮಂಡಿಗೆ ಕಟ್ಟುವ ಪಟ್ಟಿ ತೆಗೆದುಕೊಂಡು ಬಾ. ಅಪ್ಪ ಕೇಳಿದರೆ ಅದು ಬುರ್ಗಿಗೆಂದೇ ಹೇಳು.

ನಿನ್ನ
ಬುರ್ಗಿ