ಅಪ್ಪ ಆರಿಸಿದ ದೀಪ

ದ್ವೀಪದ ಕಡಲ ಮ್ಯೂಸಿಯಂನ ಮೇಲ್ವಿಚಾರಕರಿಗೆ ನಮಸ್ಕಾರ.

ಆಹ್ವಾನ ಪತ್ರಿಕೆ ಕೈಸೇರಿತು. ಲೈಟ್‌ಹೌಸಿನ ಹಳೇ ದೀಪವನ್ನು ಮ್ಯೂಸಿಯಂನಲ್ಲಿಟ್ಟು, ನಮ್ಮಪ್ಪನ ಕೈಯಿಂದಲೇ ಹಚ್ಚಿಸಬೇಕು ಅಂದಿದ್ದೀರಿ. ಅಪ್ಪ ಬರುವುದಿಲ್ಲ. ಕಾರು ಕಳಿಸಬೇಡಿ.

ದೀಪದ ಕೆಳಗಿನ ಫಲಕವನ್ನು ಹೋದ ವಾರ ಬಂದು ಓದಿದೆ. 'ಯುದ್ಧದ ರಾತ್ರಿ ದೀಪ ಆರಿಸಿ ದ್ವೀಪವನ್ನು ಉಳಿಸಿದ ವೀರ' ಅಂತ ಬರೆಸಿದ್ದೀರಿ. ವೀರ ಅನ್ನೋ ಮಾತು ತೆಗೆಸಿಬಿಡಿ. ಆರಿಸಬೇಕೆಂದು ಮೇಲಿನಿಂದ ಆದೇಶ ಬಂತು, ಅಪ್ಪ ಆರಿಸಿದರು, ಅಷ್ಟೇ. ಶತ್ರುಗಳ ವಿಮಾನ ಬರಲೇ ಇಲ್ಲ. ಮೀನಿಗೆ ಹೋಗಿದ್ದ ಅಣ್ಣನ ದೋಣಿ ಮಾತ್ರ ದಡ ಕಾಣದೆ ಬಂಡೆಗೆ ಬಡಿಯಿತು, ಅಣ್ಣ ಉಳಿಯಲಿಲ್ಲ. ಅವನು ಕಡಲಲ್ಲಿದ್ದಾನೆ ಅಂತ ದೀಪ ಆರಿಸುವಾಗಲೇ ಅಪ್ಪನಿಗೆ ಗೊತ್ತಿತ್ತು. ಇದನ್ನೂ ಬರೆಸೋದು ಬಿಡೋದು ನಿಮಗೆ ಬಿಟ್ಟಿದ್ದು.

ಅವತ್ತಿನಿಂದ ಅಮ್ಮ ಅಪ್ಪನ ಜೊತೆ ಮಾತು ಬಿಟ್ಟಳು. ಅಪ್ಪ ಎದುರಿಗೇ ಕೂತಿದ್ದರೂ "ನಿಮ್ಮಪ್ಪಂಗೆ ಊಟಕ್ಕೆ ಏಳೋಕೆ ಹೇಳೇ" ಅಂತ ನನಗೇ ಹೇಳೋದು. ಇಬ್ಬರ ನಡುವೆ ಟಪಾಲು ಹೊತ್ತೂ ಹೊತ್ತೂ ನನ್ನ ತಲೆಯೂ ನರೆತಿದೆ.

ನಿಮ್ಮ ಪತ್ರಿಕೆ ನೋಡಿ ಅಪ್ಪನ ಮುಖ ಅರಳಿತು. ಹಳೇ ಸಮವಸ್ತ್ರ ತೆಗೆದು ತಾವೇ ಇಸ್ತ್ರಿ ಹಾಕಿದರು. ಅಮ್ಮ ನನ್ನಿಂದ ಪತ್ರಿಕೆ ಓದಿಸಿಕೊಂಡಳು. ಆಮೇಲೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಅಪ್ಪನ ಮುಖ ನೋಡಿ ಕೇಳಿದಳು:

"ಈಗ ಹಚ್ತೀರಾ?"

ಅಪ್ಪ ಸಮವಸ್ತ್ರವನ್ನು ಮಡಿಸಿ ಮತ್ತೆ ಪೆಟ್ಟಿಗೆಯಲ್ಲಿಟ್ಟರು.

ಸ್ವಿಚ್ಚನ್ನು ಬೇರೆ ಯಾರಾದರೂ ಒತ್ತಲಿ. ಒತ್ತುವ ಮುಂಚೆ ನಮ್ಮನೆ ಕಡೆಯ ಕಿಟಕಿಗಳಿಗೆ ದಪ್ಪ ಪರದೆ ಎಳೆಸಿಬಿಡಿ. ಆ ಬೆಳಕು ಅಮ್ಮನ ಕಣ್ಣಿಗೆ ಬೀಳೋದು ಬೇಡ.

ಇಂತಿ,
ಲೈಟ್‌ಹೌಸ್ ಕಾವಲುಗಾರರ ಮಗಳು